ಏಳು ಪದರದ ಇಟಾಲಿಯನ್

ಅಚ್ಚುಕೂಟದಲ್ಲಿ ಕರಡು ತಿದ್ದುವವನಿಗೆ ಜೊತೆಯವರು ಇಟ್ಟಿದ್ದ ಹೆಸರು ಕರಡಯ್ಯ. ಇಟಲಿಯ ಅಡುಗೆ ಪುಸ್ತಕವೊಂದನ್ನು ಮೂರನೆಯ ಸಲ ತಿದ್ದಿ ಮುಗಿಸಿದ ದಿನ ಅವನು ಬಾಯಿ ಮುಚ್ಚಿಕೊಂಡು ಮನೆಗೆ ಹೋಗಿದ್ದರೆ ಯಾವ ರಗಳೆಯೂ ಇರುತ್ತಿರಲಿಲ್ಲ.

"ಇಟಲಿಯವರು ರಜೆ ದಿನ ಊಟಕ್ಕೆ ಕೂತ್ರೆ ಮೂರು ಗಂಟೆ ಏಳೋದೇ ಇಲ್ಲ. ಒಂದಾದ್ಮೇಲೊಂದು ಬರ್ತಾನೇ ಇರುತ್ತೆ. ನಂಗೆ ಎಲ್ಲಾ ಬಾಯಿಪಾಠ," ಎಂದುಬಿಟ್ಟ.

"ಹಾಗಾದ್ರೆ ಈ ಸಲದ ರಜೆ ಊಟ ನಿಮ್ಮನೇಲೇ!" ಎಂದ ಬೈಂಡರ್. ಫೋರ್‌ಮನ್ ಸೇರಿ ಐದು ಕೈಗಳು ಒಟ್ಟಿಗೆ ಮೇಲೆದ್ದವು.

ಹನ್ನೊಂದು ವರ್ಷದಲ್ಲಿ ಅಚ್ಚುಕೂಟದ ಒಂದು ನರಪಿಳ್ಳೆಯೂ ಕರಡಯ್ಯನ ಹೊಸ್ತಿಲು ತುಳಿದಿರಲಿಲ್ಲ. ಅವನಿಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಆದರೆ ಒಂಟಿ ಜೀವ, ನೀರು ಕಾಯಿಸಲು ಹೋಗಿ ಪಾತ್ರೆ ಸುಟ್ಟವನು. ಕೆಳಮನೆಯ ನಿವೃತ್ತ ಅಂಚೆ ಮಾಸ್ತರರ ಮುಂದೆ ಕಷ್ಟ ತೋಡಿಕೊಂಡ.

"ಇಟಾಲಿಯನ್ ಕೆಲಸ ಗೊತ್ತಿರೋರು ತಾನೆ? ಬೆಳಿಗ್ಗೆ ಒಂಬತ್ತಕ್ಕೆ ನಿಮ್ಮ ಬಾಗಿಲಲ್ಲಿರ್ತಾರೆ. ಸಾಮಾನೂ ಅವ್ರದ್ದೇ. ನೀವು ಹಾಯಾಗಿ ಮಲಗಿ," ಎಂದರು ಮಾಸ್ತರರು.

ರಜೆಯ ದಿನ ಒಂಬತ್ತಕ್ಕೆ ಸರಿಯಾಗಿ ಒಬ್ಬ ದಾಂಡಿಗ ಹೆಗಲ ಮೇಲೆ ಮೂಟೆ, ಕೈಯಲ್ಲೊಂದು ಭಾರಿ ಯಂತ್ರ ಹಿಡಿದು ಬಂದ.

"ಇಟಾಲಿಯನ್ ಎಲ್ಲಿ ಮಾಡ್ಬೇಕು?"

"ಅಡುಗೆಮನೇಲಿ, ಇನ್ನೆಲ್ಲಿ?"

"ನಡುಮನೇನೂ ಸೇರಿಸ್ಕೊಳ್ತೀನಿ ಬಿಡಿ. ಎಷ್ಟು ಪದರ?"

ಪುಸ್ತಕದಲ್ಲಿದ್ದ ಪದರ ಪದರದ ತಿನಿಸಿನ ನೆನಪಾಗಿ ಕರಡಯ್ಯ ಹಿಗ್ಗಿದ. "ಪುಸ್ತಕದಲ್ಲಿ ಆರು ಅಂತಿದೆ."

"ಏಳು ಹೊಡೆಯೋಣ. ಬಗ್ಗಿ ನೋಡಿದ್ರೆ ಮುಖ ಕಾಣ್ಬೇಕು."

"ಅಷ್ಟೊಂದು ಎಣ್ಣೆನಾ?"

"ನೀವು ಒಳಗೆ ಹೋಗಿ ಬಾಗಿಲು ಹಾಕ್ಕೊಳ್ಳಿ. ಧೂಳು ಏಳುತ್ತೆ."

ಬಾಣಸಿಗರಿಗೆ ಯಾರಾದರೂ ನಿಂತು ನೋಡಿದರೆ ಆಗುವುದಿಲ್ಲವೆಂದು ಪುಸ್ತಕದ ಮುನ್ನುಡಿಯಲ್ಲೇ ಇತ್ತು. ಕರಡಯ್ಯ ಮಲಗುವ ಕೋಣೆ ಸೇರಿ, ಕೈವಸ್ತ್ರಗಳನ್ನು ಕಮಲದ ಆಕಾರಕ್ಕೆ ಮಡಿಸತೊಡಗಿದ. ಹೊರಗೆ ಯಂತ್ರ ಗರ್ಜಿಸಿತು. ಹಿಟ್ಟು ನಾದುವುದಿರಬೇಕು. ಬಾಗಿಲ ಸಂದಿಯಿಂದ ಬಿಳಿಯ ಪುಡಿ ತೂರಿತು. ಮೈದಾ, ಸಂಶಯವೇ ಇಲ್ಲ. ಗಂಟೆ ಹನ್ನೆರಡಾಯಿತು, ಒಂದಾಯಿತು. ಗರ್ಜನೆ ನಿಲ್ಲಲಿಲ್ಲ. ಆಮೇಲೆ ಬಾಗಿಲಡಿಯಿಂದ ಬೂದುಬಣ್ಣದ ದ್ರವವೊಂದು ನಿಧಾನವಾಗಿ ಹರಿದು ಬಂತು.

ಮೂರು ಕರಡಿನಲ್ಲೂ ಬೂದುಬಣ್ಣದ ಸಾಸ್ ಇರಲಿಲ್ಲ. ಬೆರಳಲ್ಲಿ ಮುಟ್ಟಿ ನಾಲಿಗೆಗಿಟ್ಟ. ಹಲ್ಲಿನಡಿ ಕರಕರ ಎಂದಿತು. ಕಲ್ಲು!

ಬಾಗಿಲು ತೆರೆದು ಧಾವಿಸಿದವನ ಕಾಲು ಜಾರಿತು. ಸಿಕ್ಕಿದ ಊಟದ ಮೇಜನ್ನೇ ತಬ್ಬಿ, ಮುಳುಗುವ ದೋಣಿಯಿಂದ ಬಂಡೆ ಹತ್ತಿದವನಂತೆ ಅದರ ಮೇಲೆ ಹತ್ತಿ ಕುಳಿತ.

"ಏನ್ರೀ ಇದು? ಊಟ ಎಲ್ಲಿ?"

"ಊಟ ನಂಗೆ ಬೇಡ, ಡಬ್ಬಿ ತಂದಿದ್ದೆ," ಎಂದ ದಾಂಡಿಗ, ಕೊಚ್ಚೆಯನ್ನೆಲ್ಲ ಬಳಿದು ಬಕೆಟ್ಟಿಗೆ ತುಂಬುತ್ತ. "ಇಟಾಲಿಯನ್ ಪಾಲಿಶ್ ಸ್ವಾಮಿ ಇದು. ನೆಲ ಹೇಗೆ ಬಂತು ನೋಡಿ! ಇನ್ನು ಕಡೇ ಪದರ ಹಚ್ಚೋದೊಂದೇ ಬಾಕಿ. ಸಂಜೆ ತನಕ ಮೇಜಿಂದ ಇಳೀಬೇಡಿ. ಇಳಿದ್ರೆ ನೊಣ ಬೆಲ್ಲಕ್ಕೆ ಅಂಟಿದ ಹಾಗೆ ಅಂಟ್ಕೋತೀರಿ."

ಹಿಂದಕ್ಕೆ ಹಿಂದಕ್ಕೆ ಸರಿಯುತ್ತ ಹಚ್ಚಿಕೊಂಡು ಹೊರಗೆ ಹೋದ. ಗಾಳಿಯಾಡಲೆಂದು ಮುಂಬಾಗಿಲನ್ನು ಅರ್ಧ ತೆರೆದಿಟ್ಟೇ ನಡೆದ.

ಕರಡಯ್ಯ ಮಾಸ್ತರರಿಗೆ ಫೋನು ಹಚ್ಚಿದ.

"ಅಯ್ಯಯ್ಯೋ!" ಎಂದರು ಅವರು. "ನೆಲದವನು ನಿಮ್ಮ ಮೇಲ್ಮನೆ ದರ್ಜಿಗೆ, ಅಡುಗೆಯವಳು ನಿಮಗೆ. ನಾನು ಬರೆದುಕೊಟ್ಟ ವಿಳಾಸದ ಚೀಟಿ ಅದಲುಬದಲಾಗಿರ್ಬೇಕು. ಮೂವತ್ತು ವರ್ಷದಲ್ಲಿ ಇದೊಂದೇ ಸಲ, ನನ್ನಾಣೆ!"

ಬರುವವರನ್ನಾದರೂ ತಡೆಯೋಣವೆಂದು ಬೈಂಡರನಿಗೆ ಹಚ್ಚಿದ. ಫೋನಿನಲ್ಲಿ ಸಂತೆಯಂಥ ಗದ್ದಲ.

"ಎಲ್ಲಿದೀರಿ ಕರಡಯ್ಯನೋರೆ? ನಾವು ಹನ್ನೆರಡಕ್ಕೇ ಬಂದ್ವಿ. ಕೆಳಗಡೆ ಯಾರ ಮನೇಲೋ ಯಂತ್ರದ ಅಬ್ಬರ, ಕೂಗಿದ್ರೂ ಕೇಳಿಸ್ತಿರ್ಲಿಲ್ಲ. ಘಮಲು ಹಿಡ್ಕೊಂಡು ಮೇಲೆ ಹತ್ತಿದ್ವಿ. ಅಚ್ಚುಕೂಟದೋರಾ ಅಂತ ಆ ಅಡುಗೆಯಮ್ಮನೇ ಒಳಗೆ ಕರೆದ್ರು. ಆಹಾ, ಏನು ಊಟ! ನಿಮ್ಮಣ್ಣನೂ ನಮ್ಮ ಜೊತೇಲೇ ಕೂತಿದಾರೆ. ಬಂಗಾರದಂಥ ಮನುಷ್ಯ."

ನಿಮ್ಮಣ್ಣ! ಅಣ್ಣನೇ ಇಲ್ಲದ ಕರಡಯ್ಯ ತಲೆಯೆತ್ತಿ ಚಾವಣಿ ನೋಡಿದ. ಮೇಲೆ ದರ್ಜಿಯ ಮನೆಯಲ್ಲಿ ಕುರ್ಚಿಗಳು ಸರಿದಾಡುತ್ತಿದ್ದವು. ಐವರ ನಗು ಅವನ ನೆತ್ತಿಯ ಮೇಲೆಯೇ ಬಿದ್ದಂತಾಯಿತು.

"ಒಂದಿಷ್ಟು... ನಂಗೂ ಉಳಿದಿದ್ಯಾ?" ಎಂದ. ಬೆಳಗ್ಗಿನಿಂದ ಹೊಟ್ಟೆಗಿಳಿದದ್ದು ಆ ಬೂದು ಸಾಸ್ ಮಾತ್ರ.

"ನಿಮಗಂತ ಎತ್ತಿಟ್ಟಿದ್ದನ್ನ ನಿಮ್ಮಣ್ಣ ಈಗಷ್ಟೇ ಖಾಲಿ ಮಾಡಿದ್ರು. ಕೇಳಿ, ಮುಂದಿನ ರಜೆಗೂ ಊಟ ಇಲ್ಲೇ, ತೀರ್ಮಾನ ಆಗೋಯ್ತು."

ಇಷ್ಟೆಲ್ಲ ಆದರೂ ಕರಡಯ್ಯನ ಎದೆ ಒಂದು ಕ್ಷಣ ಬೆಚ್ಚಗಾಯಿತು. ಹೇಗೂ ಬರುತ್ತೇವೆ ಅಂದರಲ್ಲ! "ಖಂಡಿತ ಬನ್ನಿ," ಎಂದ.

ಬೈಂಡರ್ ದನಿ ತಗ್ಗಿಸಿದ. "ಬೇಜಾರು ಮಾಡ್ಕೋಬೇಡಿ. ಆಗ್ಲೂ ನೀವು ಹೀಗೇ ಹೊರಗಡೆ ಎಲ್ಲಾದ್ರೂ ಹೋಗ್ಬಿಡಿ. ನೀವಿದ್ರೆ ಮಾತಾಡಿದ್ದಕ್ಕೆಲ್ಲ ತಪ್ಪು ತಿದ್ತೀರಿ. ಇವತ್ತು ಎಲ್ರೂ ಎಷ್ಟು ಹಾಯಾಗಿದಾರೆ ಗೊತ್ತಾ?"

ಅತ್ತ ಫೋನು ಕಟ್ಟಾಯಿತು. ತುಸು ಹೊತ್ತಿಗೆ ಮೆಟ್ಟಿಲ ಮೇಲೆ ಹತ್ತು ಕಾಲುಗಳ ಸಪ್ಪಳ ಇಳಿದು ಬಂತು. ಮುಂಬಾಗಿಲು ತೆರೆದೇ ಇತ್ತು. ಕರಡಯ್ಯ ಮೇಜಿನ ಹಾಸನ್ನು ಎರಡು ಕೈಯಲ್ಲೂ ಎಳೆದು ತಲೆಯವರೆಗೆ ಹೊದ್ದುಕೊಂಡ.

"ಅಬ್ಬಾ, ಈ ಮನೆ ನೆಲ ನೋಡಿ, ಕನ್ನಡಿ ಇದ್ದ ಹಾಗಿದೆ!" ಎಂದಿತು ಫೋರ್‌ಮನ್ನನ ದನಿ.

"ಯಾರೂ ಇದ್ದ ಹಾಗಿಲ್ಲ," ಎಂದ ಬೈಂಡರ್. "ಸಾಮಾನಿಗೆಲ್ಲ ಬಟ್ಟೆ ಹೊದಿಸಿ ಊರಿಗೆ ಹೋಗಿದಾರೆ. ಬನ್ನಿ, ಬನ್ನಿ."