ಬಂಡಳ್ಳಿ ಹುಡುಗಿಯ ಕಿವಿ, ನನ್ನ ಹೊಟ್ಟೆಕಿಚ್ಚು

ಸಂಗೀತದ ಮೇಷ್ಟ್ರಾದವನಿಗೆ ವಾರಕ್ಕೊಮ್ಮೆಯಾದರೂ ಮಾನ ಹೋಗುವುದು ಮಾಮೂಲು. ಒಂದು ದಿನ ಮೈಕು ಕೈಕೊಡುತ್ತದೆ, ಇನ್ನೊಂದು ದಿನ ಗಂಟಲು. ಅದಕ್ಕೆಲ್ಲ ನಾನು ಒಗ್ಗಿಹೋಗಿದ್ದೆ. ಆದರೆ ಎರಡು ವರ್ಷದಿಂದ ನನ್ನ ಮಾನವೆಲ್ಲ ಬಂಡಳ್ಳಿಯ ಒಬ್ಬ ವಿದ್ಯಾರ್ಥಿನಿಯಿಂದಲೇ ಹೋಗುತ್ತಿದೆ.

ನಾನು ಕೊಳ್ಳೇಗಾಲದ ಒಂದು ಕಾಲೇಜಿನಲ್ಲಿ ಸಂಗೀತದ ಅತಿಥಿ ಉಪನ್ಯಾಸಕ. ದಿನಾ ಯಳಂದೂರಿನಿಂದ ಬಸ್ಸಿನಲ್ಲಿ ಬಂದು ಹೋಗುತ್ತೇನೆ. ಅತಿಥಿ ಎಂದ ಮೇಲೆ ವರ್ಷ ವರ್ಷವೂ ಅವರು ಕರೆಯಬೇಕು, ಕರೆಯದಿದ್ದರೆ ಮನೆಯಲ್ಲಿರಬೇಕು. ನನ್ನ ಪಾಠದ ಹೆಸರು ಸ್ವರಜ್ಞಾನ. ಬೋರ್ಡಿನ ಮೇಲಿನ ಸ್ವರಗಳನ್ನು ನೋಡಿದ ತಕ್ಷಣ ಹಾಡುವುದು, ಮೇಷ್ಟ್ರು ‘ಆ’ ಎಂದು ಹಾಡಿದ್ದನ್ನು ಕೇಳಿ ಅದರ ಸ್ವರ ಬರೆಯುವುದು, ಇವೆರಡೇ ಅದರಲ್ಲಿರುವ ಕೆಲಸ. ಎರಡನ್ನೂ ಆ ಹುಡುಗಿ ನನಗಿಂತ ಚೆನ್ನಾಗಿ ಮಾಡುತ್ತಾಳೆ. ಇದು ಪ್ರಿನ್ಸಿಪಾಲರ ತನಕ ಹೋದರೆ ನನ್ನ ಗತಿ ಏನು ಎಂಬ ಚಿಂತೆ ನನಗೆ. ಹೊಟ್ಟೆಕಿಚ್ಚೇ ಎಂದು ಯಾರಾದರೂ ಕೇಳಿದರೆ, ಹೌದು, ಹೊಟ್ಟೆಕಿಚ್ಚೇ.

೧. ಹದಿನಾಲ್ಕು ಜನಕ್ಕೆ ಹತ್ತಕ್ಕೆ ಹತ್ತು

ಕ್ಲಾಸಿನಲ್ಲಿರುವುದು ಹದಿನೈದು ಜನ. ಅವಳು ಸೇರಿದ ವರ್ಷ ಮೊದಲ ಟೆಸ್ಟು ಕೊಟ್ಟೆ. ನನ್ನ ಹತ್ತಿರ ಒಂದು ಹಳೆಯ ನೋಟ್‌ಬುಕ್ ಇದೆ. ‘ಏಳನೆಯ ಪಾಠ’ ಎಂದು ಹೇಳಿ, ಅದನ್ನು ನೋಡಿಕೊಂಡು ಹಾಡಿದೆ, ಅವರು ಕೇಳಿ ಬರೆದರು. ಹದಿನಾಲ್ಕು ಜನರದ್ದೂ ಅಚ್ಚುಕಟ್ಟಾಗಿ ಸರಿ. ಅವಳದ್ದು ಪೂರ್ತಿ ತಪ್ಪು. ನಾನು ಖುಷಿಯಿಂದ ದೊಡ್ಡದೊಂದು ಸೊನ್ನೆ ಹಾಕಿದೆ.

ಅವಳು ಪೇಪರು ಹಿಡಿದುಕೊಂಡು ಮೇಜಿನ ಹತ್ತಿರ ಬಂದಳು. “ಸಾ, ನೀವು ಆಡಿದ್ದು ಇಂಗಲ್ವಾ?” ಎಂದು ನಾನು ಹಾಡಿದ್ದನ್ನು ಹಾಗೇ ತಿರುಗಿ ಹಾಡಿದಳು. ಮಧ್ಯೆ ನನ್ನ ಧ್ವನಿ ಒಡೆದಿದ್ದನ್ನೂ ಬಿಡಲಿಲ್ಲ.

ನೋಟ್‌ಬುಕ್ ತೆಗೆದು ನೋಡಿದೆ. ಎರಡು ಹಾಳೆ ಅಂಟಿಕೊಂಡಿದ್ದವು. ಏಳು ಎಂದುಕೊಂಡು ನಾನು ಹಾಡಿದ್ದು ಎಂಟನೆಯ ಪಾಠ! ಅವಳು ಬರೆದದ್ದೂ ಅದನ್ನೇ. ಹಾಗಾದರೆ ಉಳಿದ ಹದಿನಾಲ್ಕು ಜನ ನಾನು ಹಾಡದೇ ಇದ್ದ ಏಳನೆಯ ಪಾಠವನ್ನು ಹೇಗೆ ಬರೆದರು?

ಕೊನೆಗೆ ಮುಂದಿನ ಬೆಂಚಿನವನು ಬಾಯಿ ಬಿಟ್ಟ. “ಸಾ, ನಿಮ್ ನೋಟ್‌ಬುಕ್ಕು ಸೀನಿಯರ್‌ಗಳತ್ರ ಝೆರಾಕ್ಸ್ ಅದೆ. ನಾವು ನೀವು ಆಡೋಕ್ ಮುಂಚೆನೇ ಬರ್ದಿರ್ತೀವಿ.”

ಅವಳಿಗೆ ಹತ್ತು ಕೊಡಲೇಬೇಕಾಯಿತು. ಮನಸ್ಸು ಬರಲಿಲ್ಲ, ಅಕ್ಷರ ದುಂಡಗಿಲ್ಲ ಎಂದು ಒಂದು ಕಳೆದೆ. ನಿಜ ಹೇಳಬೇಕೆಂದರೆ ಅಕ್ಷರವೂ ನನ್ನದಕ್ಕಿಂತ ದುಂಡಗಿತ್ತು, ಕಳೆದದ್ದು ಅದಕ್ಕೇ.

೨. ಮೆಣಸಿನ ಉಂಡೆ

ಕೇಳಿ ಬರೆಯುವುದರಲ್ಲಿ ಸೋತ ಮೇಲೆ ನೋಡಿ ಹಾಡುವುದರಲ್ಲಿ ಇವಳನ್ನು ಹಿಡಿಯೋಣ ಎಂದು ಹಟ ಹಿಡಿದೆ. ಒಂದು ಭಾನುವಾರ ಇಡೀ ಕೂತು, ಕೆಳಗಿನಿಂದ ಮೇಲಕ್ಕೆ ಮೇಲಿನಿಂದ ಕೆಳಕ್ಕೆ ಕಪ್ಪೆಯ ಹಾಗೆ ನೆಗೆಯುವ ನಾಲ್ಕು ಸಾಲು ಸ್ವರ ಕಟ್ಟಿದೆ. ಸೋಮವಾರ ಬೋರ್ಡಿನ ಮೇಲೆ ಬರೆದು ಅವಳನ್ನೇ ಎಬ್ಬಿಸಿದೆ. ಅವಳು ಒಮ್ಮೆ ಕಣ್ಣಾಡಿಸಿ, ಎಲ್ಲೂ ನಿಲ್ಲದೆ ಹಾಡಿ ಮುಗಿಸಿದಳು.

“ಚೆಂದಾಗದೆ ಸಾ. ನೀವೊಂದ್ಸಲ ಆಡಿ, ಕೇಳವ” ಎಂದಳು.

ನಾನು ಕಟ್ಟಿದ್ದೇನೋ ನಿಜ, ಹಾಡಿ ನೋಡಿರಲಿಲ್ಲ. “ಇವತ್ತು ಗಂಟಲು ಕಟ್ಟಿದೆಯಮ್ಮ” ಎಂದು ಜಾರಿಕೊಂಡೆ.

ಮಾರನೆಯ ದಿನ ಅವಳು ಮೆಣಸು, ಅರಿಶಿನ, ಬೆಲ್ಲ ಕುಟ್ಟಿದ ನಿಂಬೆಗಾತ್ರದ ಉಂಡೆಯೊಂದನ್ನು ತಂದಳು. “ನಮ್ಮವ್ವ ಮಾಡ್ಕೊಟ್ಟದೆ ಸಾ, ತಿನ್ನಿ.” ಇಡೀ ಕ್ಲಾಸು ನೋಡುತ್ತಿತ್ತು. ನುಂಗಿದೆ, ಕಣ್ಣಲ್ಲಿ ಮೂಗಲ್ಲಿ ನೀರು ಬಂತು.

“ಈಗ ಆಡಿ ಸಾ. ಬೋರ್ಡು ಒರಸಬ್ಯಾಡಿ ಅಂತ ಏಳಿದ್ದೆ, ಅಂಗೇ ಅದೆ.”

ತಿರುಗಿ ನೋಡಿದರೆ ನಾಲ್ಕು ಸಾಲೂ ನನ್ನನ್ನೇ ಕಾಯುತ್ತಿದ್ದವು. ಡಸ್ಟರು ತೆಗೆದುಕೊಂಡು ನಾನೇ ಒರೆಸಿಬಿಟ್ಟೆ. “ಒಮ್ಮೆ ಹಾಡಿದ ಸ್ವರವನ್ನು ಎರಡನೆಯ ಸಲ ನೋಡುವುದು ಸ್ವರಜ್ಞಾನಕ್ಕೆ ವಿರುದ್ಧ” ಎಂದು ಗಂಭೀರವಾಗಿ ಹೇಳಿದೆ. ಹದಿನಾಲ್ಕು ಜನ ಅದನ್ನು ನೋಟ್ಸ್ ಬರೆದುಕೊಂಡರು.

೩. ಹನೂರಿನಲ್ಲಿ ಕರೆಂಟು ಹೋದದ್ದು

ಹನೂರಿನ ಒಂದು ಸಮಾರಂಭದಲ್ಲಿ ನನಗೆ ಪ್ರಾರ್ಥನೆ ಹಾಡುವ ಅವಕಾಶ ಬಂತು. ಕರೆಂಟಿನ ಶ್ರುತಿಪೆಟ್ಟಿಗೆ ಹಾಕಿಕೊಂಡು, ಕಣ್ಣು ಮುಚ್ಚಿ ಶುರುಮಾಡಿದೆ. ನಡುವೆ ಕರೆಂಟು ಹೋಯಿತು. ಪೆಟ್ಟಿಗೆ ನಿಂತರೂ ನಾನು ನಿಲ್ಲಲಿಲ್ಲ. ಎರಡು ನಿಮಿಷಕ್ಕೆ ಕರೆಂಟು ಬಂತು. ಪೆಟ್ಟಿಗೆ ಒಂದು ಕಡೆ, ನಾನು ಒಂದು ಕಡೆ!

ವೇದಿಕೆಯ ಯಜಮಾನರು ಮೈಕಿನವನಿಗೆ ಕೂಗಿದರು. “ಲೇ, ಮೇಷ್ಟ್ರು ಸರಿಯಾಗೇ ಆಡ್ತಾವ್ರೆ. ಪೆಟ್ಗೆ ಕೆಟ್ಟೋಗದೆ ಕಣ್ಲಾ, ಆಫ್ ಮಾಡು!”

ಬದುಕಿಕೊಂಡೆ ಅಂದುಕೊಂಡೆ. ಮೂರನೆಯ ಸಾಲಿನಲ್ಲಿ ಒಬ್ಬಳು ಮಾತ್ರ ಬಾಯಿಗೆ ಸೆರಗು ಅಡ್ಡ ಹಿಡಿದು ನಗುತ್ತಿದ್ದಳು. ಅವಳೇ.

ಆಮೇಲೆ ಅವಳ ಹಾಡೂ ಇತ್ತು. ಅದೇ ಪೆಟ್ಟಿಗೆಯನ್ನು ಮತ್ತೆ ಹಾಕಿಸಿಕೊಂಡಳು. ಹನೂರಿನ ಕರೆಂಟು ಯಾರಿಗೂ ಪಕ್ಷಪಾತ ಮಾಡುವುದಿಲ್ಲ, ಅವಳು ಹಾಡುವಾಗಲೂ ಹೋಯಿತು. ತಿರುಗಿ ಬಂದಾಗ ಪೆಟ್ಟಿಗೆಯೂ ಅವಳೂ ಕೂದಲೆಳೆಯಷ್ಟೂ ಬೇರೆಯಾಗಿರಲಿಲ್ಲ. ಇಡೀ ಸಭೆಯಲ್ಲಿ ಅದನ್ನು ಗಮನಿಸಿದವನು ನಾನೊಬ್ಬನೇ. ಹೊಟ್ಟೆ ಉರಿದುಕೊಳ್ಳುವುದಕ್ಕೆ ಬೇಕಾದಷ್ಟು ಕಿವಿ ದೇವರು ನನಗೂ ಕೊಟ್ಟಿದ್ದಾನೆ.

೪. ಮೋಟರಿನ ಪಾಠ

ತಡೆಯಲಾರದೆ ಒಂದು ದಿನ ಕೇಳಿಯೇಬಿಟ್ಟೆ. “ಈ ಕಿವಿ ನಿನಗೆ ಎಲ್ಲಿಂದ ಬಂತಮ್ಮ?”

“ನಮ್ ಬಾವಿ ಮೋಟ್ರು ಮನೆಯಿಂದ ದೂರ ಅದೆ ಸಾ. ಅದು ನೀರ್ ಎಳೀತಾ ಅದಾ, ಬರೀ ಗಾಳಿ ಎಳೀತಾ ಅದಾ ಅಂತ ಮನೇಲೇ ಕೂತ್ಕಂಡು ಸದ್ದಲ್ಲಿ ಕಂಡಿಡೀಬೇಕು. ತಪ್ಪುದ್ರೆ ಮೋಟ್ರು ಸುಟ್ಟೋಯ್ತದೆ. ನಮ್ಮಪ್ಪನ ಕೈಲಿ ಉಗುಸ್ಕಬೇಕು.”

ಇಷ್ಟೇನಾ ಗುಟ್ಟು! ನಮ್ಮ ಮನೆಯಲ್ಲೂ ಸಂಪಿನಿಂದ ಟ್ಯಾಂಕಿಗೆ ನೀರು ಹಾಯಿಸುವ ಮೋಟರಿದೆ. ಅವತ್ತು ಸಂಜೆಯೇ ಅದನ್ನು ಹಾಕಿ, ಪಕ್ಕದಲ್ಲಿ ಸ್ಟೂಲು ಎಳೆದುಕೊಂಡು, ಕಣ್ಣು ಮುಚ್ಚಿ ಕೂತೆ. ಷಡ್ಜವೋ ರಿಷಭವೋ ಎಂದು ತಲೆ ಕೆಡಿಸಿಕೊಳ್ಳುತ್ತಿರುವಾಗ ಟ್ಯಾಂಕು ತುಂಬಿ ಪಕ್ಕದ ಮನೆಯವರ ಒಣ ಬಟ್ಟೆಯ ಮೇಲೆ ಸುರಿಯಿತು. ಅವರು ಕೂಗಾಡಿದ್ದೂ ನನಗೆ ಕೇಳಿಸಲಿಲ್ಲ.

ನನ್ನಾಕೆ ಓಡಿಬಂದು ಸ್ವಿಚ್ಚು ಆರಿಸಿದಳು. ಅವಳು ಕೊಳ್ಳೇಗಾಲದ ರೇಷ್ಮೆ ನೇಯುವ ಮನೆಯ ಮಗಳು, ಮಗ್ಗದ ಸದ್ದಿನಲ್ಲೇ ಎಳೆ ಕಡಿದದ್ದು ಹೇಳಬಲ್ಲವಳು. ನಡೆದದ್ದನ್ನೆಲ್ಲ ಕೇಳಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

“ಆ ಹುಡ್ಗಿಗೆ ಕಿವಿ ಇರೋದು ಕೇಳೋಕೆ ಕಣ್ರಿ. ನಿಮಗೆ ಇರೋದು ಕನ್ನಡಕ ಸಿಕ್ಕಿಸ್ಕೊಳ್ಳೋಕೆ.”

೫. ಕೀ ಆನ್ಸರ್

ಈ ಸಲದ ಪ್ರಾಕ್ಟಿಕಲ್ ಪರೀಕ್ಷೆಗೆ ಹೊರಗಿನಿಂದ ಹಿರಿಯ ಪರೀಕ್ಷಕರೊಬ್ಬರು ಬಂದರು. ನನ್ನ ನೋಟ್‌ಬುಕ್ ಕೊಡಲು ಹೋದೆ, ಮುಟ್ಟಲಿಲ್ಲ. “ನಾನು ಆ ಕ್ಷಣಕ್ಕೆ ಮನಸ್ಸಿಗೆ ಬಂದದ್ದನ್ನು ಹಾಡ್ತೀನಿ. ಮಕ್ಕಳ ಜೊತೆ ನೀವೂ ಕೂತು ಬರೀರಿ. ನೀವು ಬರೆದದ್ದೇ ಕೀ ಆನ್ಸರ್” ಎಂದರು. ಪಕ್ಕದಲ್ಲಿ ಪ್ರಿನ್ಸಿಪಾಲರು ಬೇರೆ ಕೂತಿದ್ದರು.

ಕಾಲುಗಳು ತಾವಾಗಿಯೇ ನಡೆದು ನನ್ನನ್ನು ಬಂಡಳ್ಳಿ ಹುಡುಗಿಯ ಹಿಂದಿನ ಬೆಂಚಿನಲ್ಲಿ ಕೂರಿಸಿದವು. ಹಾಳಾದವಳು ದಪ್ಪ ಅಕ್ಷರದಲ್ಲಿ ಬರೆಯುತ್ತಾಳೆ. ಪರೀಕ್ಷಕರು “ನನ್ನ ಬಾಯಿಂದ ಬಂದದ್ದೆಲ್ಲ ಬರೀಬೇಕು” ಎಂದು ಹೇಳಿ ಹಾಡಿದರು. ಅವಳು ಬರೆದಳು. ನಾನು ಅವಳ ಭುಜದ ಮೇಲಿಂದ ಒಂದು ಸ್ವರವನ್ನೂ ಬಿಡದೆ ಇಳಿಸಿಕೊಂಡೆ. ಹತ್ತು ವರ್ಷ ಪಾಠ ಹೇಳಿದ ಮೇಷ್ಟ್ರು ನಾನು, ಕಾಪಿ ಹೊಡೆದೆ.

ಪರೀಕ್ಷಕರು ಪೇಪರು ನೋಡುತ್ತಾ ಹುಬ್ಬು ಗಂಟಿಕ್ಕಿದರು. “ಇದೇನು, ಕೊನೆಯಲ್ಲಿ ಕೆಳಗಿನ ಧೈವತ? ನಾನು ಹಾಡಿಯೇ ಇಲ್ಲವಲ್ಲಮ್ಮ.”

“ಆಡಿಲ್ಲ ಸಾ, ಆದ್ಮೇಲೆ ಕ್ಯಾಕರಿಸುದ್ರಲ್ಲ, ಅದು” ಎಂದಳು ಅವಳು. “ಬಾಯಿಂದ ಬಂದದ್ದೆಲ್ಲ ಬರೀರಿ ಅಂದಿದ್ರಿ.”

ಕ್ಲಾಸು ಗೊಳ್ಳೆಂದಿತು. ಪರೀಕ್ಷಕರೂ ನಕ್ಕರು. ನಗುತ್ತಲೇ ನನ್ನ ಪೇಪರು ತೆಗೆದರು. ಅಲ್ಲೂ ಧೈವತ!

“ಮೇಷ್ಟ್ರೇ, ನೀವೂ?”

“ಹೌದು ಸಾರ್, ಕಿವಿಗೆ ಬಿತ್ತು” ಎಂದೆ. ಬೇರೆ ಏನು ಹೇಳಲಿ?

“ಹಾಗಾದರೆ ಇದು ಯಾವ ಸ್ವರ, ಹೇಳಿ” ಎಂದು ಅವರು ಮತ್ತೊಮ್ಮೆ ಗಂಟಲು ಕೆರೆದರು. ಪ್ರಿನ್ಸಿಪಾಲರು ಕುರ್ಚಿಯಲ್ಲಿ ಮುಂದಕ್ಕೆ ಬಂದರು. ನನಗೆ ಅದು ಕೆಮ್ಮಿನ ಹಾಗೆ ಕೇಳಿಸಿತು, ಅಷ್ಟೇ. ದೇವರ ಮೇಲೆ ಭಾರ ಹಾಕಿ “ನಿಷಾದ” ಎಂದೆ.

ಪರೀಕ್ಷಕರಿಗೂ ಗೊತ್ತಿದ್ದಂತೆ ಕಾಣಲಿಲ್ಲ. ಅವಳ ಕಡೆ ತಿರುಗಿದರು. “ಸರಿಯೇನಮ್ಮ?”

ಅವಳು ನನ್ನನ್ನು ನೋಡಿದಳು. ನನ್ನ ಕೆಲಸ ಅವಳ ನಾಲಿಗೆಯ ಮೇಲಿತ್ತು.

“ಸರಿಯಾಗದೆ ಸಾ” ಎಂದಳು.

ಪರೀಕ್ಷಕರು ಎದ್ದು ನನ್ನ ಕೈ ಕುಲುಕಿದರು. “ಗುರುವಿಗೆ ಇಂಥ ಕಿವಿ ಇದ್ದರೆ ಶಿಷ್ಯೆಗೆ ಬರದೆ ಇರುತ್ತದೆಯೇ?” ಎಂದರು. ಮುಂದಿನ ವರ್ಷವೂ ನೀವೇ ಇರಬೇಕು ಎಂದರು ಪ್ರಿನ್ಸಿಪಾಲರು. ಎರಡು ವರ್ಷದಲ್ಲಿ ಮೊದಲ ಸಲ ನಾನು ಅವಳನ್ನು ಹೊಟ್ಟೆಕಿಚ್ಚಿಲ್ಲದೆ ನೋಡಿದೆ. ನನಗೂ ಕಿವಿ ಬಂತಲ್ಲ!

ಹೊರಗೆ ಬಂದ ಮೇಲೆ ಅವಳನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಕೇಳಿದೆ. “ನಿಜವಾಗಿಯೂ ಅದು ನಿಷಾದವೇನಮ್ಮ?”

“ಎಲ್ ಬಂತು ಸಾ, ಪಂಚಮ” ಎಂದಳು. “ಪಾಪ ಅಂತ ನಾನೇ ಪಾಸ್ ಮಾಡ್ಬುಟ್ಟೆ. ಇನ್ನೊಸಿ ಸಾಧ್ನೆ ಮಾಡಿ ಸಾ, ಬತ್ತದೆ.”