ಮಂಡಿಚಿಪ್ಪು ‘ಜಾರಿ’ಯಾದ ಬಗ್ಗೆ

ಸುತ್ತೋಲೆ ಸಂಖ್ಯೆ: ಕಡತ/ಸಿಬ್ಬಂದಿ/ಹಿಂಗಾಲು (ಬಲ)/೧೭

ವಿಷಯ: ಸಣ್ಣ ನಾಯಿಗಳ ಮಂಡಿಚಿಪ್ಪು ಜಾಗ ಬಿಟ್ಟು ಸರಿಯುವುದು, ಅದರ ಚಿಕಿತ್ಸೆ, ಹಾಗೂ ಚಿಕಿತ್ಸೆಗಾಗಿ ಸಿಬ್ಬಂದಿ ರಜೆ ಕೋರುವ ಕುರಿತು.

ಉಲ್ಲೇಖ: ೧. ದಾಖಲೆ ಕೋಣೆಯ ಸಹಾಯಕಿಯವರ ರಜೆ ಅರ್ಜಿ.
೨. ಅದೇ ಅರ್ಜಿ, ಎರಡನೇ ಸಲ.
೩. ಅದೇ ಅರ್ಜಿ, ಕೆಂಪು ಶಾಯಿಯಲ್ಲಿ.

ಗುಂಡುಸೂಜಿ ಎಂಬ ನಾಯಿಮರಿಯ ಬಲತೊಡೆಯ ಮೂಳೆಯಲ್ಲಿ ಮಂಡಿಚಿಪ್ಪು ಕೂರುವಷ್ಟು ಆಳದ ಕುಳಿ ಇರಲಿಲ್ಲ. ಉಳಿದಂತೆ ಅದು ಆರೋಗ್ಯವಾಗಿತ್ತು. ಸದರಿ ಮರಿಯು ದಾಖಲೆ ಕೋಣೆಯ ಸಹಾಯಕಿಯವರದ್ದು. ಮನೆಯಲ್ಲಿ ನೋಡಿಕೊಳ್ಳುವವರು ಯಾರೂ ಇಲ್ಲದ ಕಾರಣ ಅವರ ಕೈಚೀಲದಲ್ಲೇ ಕಚೇರಿಗೆ ಬಂದು, ಹಳೇ ಕಡತಗಳ ಕಪಾಟಿನಡಿ ಮಲಗುತ್ತಿತ್ತು. ನಾಲ್ಕು ಹೆಜ್ಜೆ ನೆಟ್ಟಗೆ ನಡೆದು, ಮೂರು ಹೆಜ್ಜೆ ಕಾಲೆತ್ತಿ ಕುಪ್ಪಳಿಸಿ, ಕಾಲನ್ನು ಹಿಂದಕ್ಕೆ ಚಾಚಿ, ಏನೂ ಆಗಿಲ್ಲವೆಂಬಂತೆ ಮತ್ತೆ ನೆಟ್ಟಗೆ ನಡೆಯುತ್ತಿತ್ತು. ಇದನ್ನು ಕಂಡು ಸಿಬ್ಬಂದಿ ನಕ್ಕರು. ಸಹಾಯಕಿ ಪಶುವೈದ್ಯರ ಬಳಿಗೆ ಕರೆದೊಯ್ದರು.

ವೈದ್ಯರ ಚೀಟಿಯಲ್ಲಿ “ಮಂಡಿಚಿಪ್ಪು ಜಾರಿದೆ. ಎರಡನೇ ದರ್ಜೆ. ಬೆಳೆಯುವ ಮರಿ, ತಡವಾದರೆ ಮೂಳೆ ತಿರುಚಿಕೊಳ್ಳುತ್ತದೆ. ತಿಂಗಳೊಳಗೆ ಶಸ್ತ್ರಚಿಕಿತ್ಸೆ ಆಗಬೇಕು” ಎಂದಿತ್ತು. ಕುಳಿಯನ್ನು ಕೆತ್ತಿ ಆಳ ಮಾಡಿ ಚಿಪ್ಪು ಕೂರಿಸುವುದು ತಮ್ಮ ಕೆಲಸ, ಆಮೇಲೆ ಹದಿನೈದು ದಿನ ನೆಗೆಯಲು ಬಿಡದೆ ಕಾಯುವುದು ನಿಮ್ಮ ಕೆಲಸ ಎಂದು ವೈದ್ಯರು ಹೇಳಿ ಕಳಿಸಿದ್ದರು. ಅದರಂತೆ ಹದಿನೈದು ದಿನಗಳ ರಜೆ ಕೋರಲಾಗಿತ್ತು.

ಈ ಸುತ್ತೋಲೆಗೆ ಸಹಿ ಹಾಕಿರುವ ಅಧೀಕ್ಷಕರು (ಇನ್ನು ಮುಂದೆ ‘ಸಹಿದಾರರು’) ‘ಜಾರಿದೆ’ ಎಂಬುದನ್ನು ‘ಜಾರಿಯಾಗಿದೆ’ ಎಂದು ಓದಿಕೊಂಡು, “ಈಗಾಗಲೇ ಜಾರಿಯಾಗಿರುವುದರಿಂದ ಮುಂದಿನ ಕ್ರಮ ಬೇಕಿಲ್ಲ. ಕಡತ ಮುಕ್ತಾಯ” ಎಂದು ಷರಾ ಬರೆದರು. ಇಪ್ಪತ್ತೆರಡು ವರ್ಷಗಳ ಸೇವೆಯಲ್ಲಿ ಸಹಿದಾರರು ಯಾವುದೂ ಜಾರಿಯಾದದ್ದನ್ನು ಕಣ್ಣಾರೆ ಕಂಡಿಲ್ಲ. ಜಾರಿಯಾಗಿದೆ ಎಂದು ಬರೆದದ್ದನ್ನು ಮಾತ್ರ ಕಂಡಿದ್ದಾರೆ. ಆದ್ದರಿಂದ ಅನುಮಾನ ಬರಲಿಲ್ಲ.

ಮೂರನೇ ಅರ್ಜಿ ಬಂದ ಮೇಲೆ ಕಡತವನ್ನು ಮತ್ತೆ ತೆರೆಯಲಾಯಿತು. ಇಂಥ ಪ್ರಸಂಗ ಮರುಕಳಿಸದಿರಲಿ ಎಂಬ ಸದುದ್ದೇಶದಿಂದ ಈ ಕೆಳಕಂಡಂತೆ ಸೂಚಿಸಲಾಗಿದೆ:

೧. ಇನ್ನು ಮುಂದೆ ಯಾವುದೇ ಮಂಡಿಚಿಪ್ಪು ಜಾರತಕ್ಕದ್ದಲ್ಲ. ಅನುಮತಿಯಿಲ್ಲದೆ ಜಾಗ ಬಿಟ್ಟ ಚಿಪ್ಪನ್ನು ‘ಅನಧಿಕೃತ ಗೈರುಹಾಜರಿ’ ಎಂದೂ, ತಾನಾಗಿಯೇ ವಾಪಸಾದರೆ ‘ಕರ್ತವ್ಯಕ್ಕೆ ಮರುಹಾಜರಿ’ ಎಂದೂ ನಮೂದಿಸತಕ್ಕದ್ದು.

೨. ರಜೆ ಅರ್ಜಿಯ ‘ರೋಗಿಯೊಂದಿಗೆ ಸಂಬಂಧ’ ಎಂಬ ಜಾಗದಲ್ಲಿ ಸಹಾಯಕಿಯವರು ‘ಮಗಳು’ ಎಂದು ಬರೆದಿದ್ದರು. ಸೇವಾ ಪುಸ್ತಕದಲ್ಲಿ ಅವರಿಗೆ ಮದುವೆಯೇ ಆಗಿಲ್ಲದಿರುವುದರಿಂದ ಈ ಬಗ್ಗೆ ಹತ್ತೊಂಬತ್ತು ದಿನ ವಿಚಾರಣೆ ನಡೆಯಿತು. ಇನ್ನು ಮುಂದೆ ‘ನಾಯಿ’ ಎಂದೇ ಬರೆಯತಕ್ಕದ್ದು. ಹಾಗೆ ಬರೆದ ಅರ್ಜಿಗಳನ್ನು ಪರಿಗಣಿಸಲಾಗುವುದಿಲ್ಲ.

೩. ಕುಂಟುವ ನಾಯಿಯು ಬೆಳಿಗ್ಗೆ ೧೧ರಿಂದ ೧೧.೩೦ರ ಒಳಗೆ ಸಹಿದಾರರ ಸಮಕ್ಷಮ ಕನಿಷ್ಠ ಮೂರು ಹೆಜ್ಜೆ ಕುಂಟಿ ತೋರಿಸತಕ್ಕದ್ದು. ಗುಂಡುಸೂಜಿಯು ಪರಿಶೀಲನೆಯ ದಿನ ಸಹಿದಾರರ ಕೊಠಡಿಯಲ್ಲಿ ನೆಟ್ಟಗೆ ನಡೆದು, ಹೊಸ್ತಿಲು ದಾಟಿದ ಮೇಲೆ ಕುಂಟಿತು. ಹೊಸ್ತಿಲಾಚೆಯ ಮೊಗಸಾಲೆ ಬೇರೆ ಶಾಖೆಯ ವ್ಯಾಪ್ತಿಗೆ ಬರುತ್ತದೆ. ಆಗ ಸಹಾಯಕಿಯವರು ನೀಡಿದ ಹೇಳಿಕೆಯನ್ನು ಇದ್ದಂತೆಯೇ ದಾಖಲಿಸಲಾಗಿದೆ: “ನಿಮ್ಮ ಮುಂದೆ ಅದು ಕುಂಟಲ್ಲ ಸಾರ್. ನಾವು ಮಾತ್ರ ಏನು, ಈ ರೂಮಿಗೆ ಬಂದಾಗ ನೆಟ್ಟಗೇ ನಡೀತೀವಲ್ಲ.” ಈ ಹೇಳಿಕೆಯು ವಿಷಯಕ್ಕೆ ಸಂಬಂಧಿಸಿದ್ದಲ್ಲ ಎಂದು ತೀರ್ಮಾನಿಸಲಾಯಿತು.

೪. ವೈದ್ಯರ ಲೆಕ್ಕದಲ್ಲಿ ಒಂದನೇ ದರ್ಜೆ ಸೌಮ್ಯ, ನಾಲ್ಕನೇ ದರ್ಜೆ ತೀವ್ರ. ನಾಲ್ಕನೇ ದರ್ಜೆಯವರ ಕಡೆಗೆ ತೀವ್ರ ಗಮನ ಕೊಟ್ಟ ಪೂರ್ವನಿದರ್ಶನ ಇಲಾಖೆಯಲ್ಲಿ ಇಲ್ಲ. ಸಹಾಯಕಿಯವರೂ ನಾಲ್ಕನೇ ದರ್ಜೆಯವರೇ ಆಗಿರುವುದು ಕಾಕತಾಳೀಯ.

೫. ಮೇಲಧಿಕಾರಿಗಳ ಭೇಟಿಗೆಂದು ಪಾಲಿಶ್ ಮಾಡಿಸಿದ ನೆಲದ ಮೇಲೆ ನಾಯಿಯ ಕಾಲು ನಿಲ್ಲುವುದಿಲ್ಲವೆಂದು ಸಹಾಯಕಿಯವರು ಗೋಣಿಚೀಲ ಹಾಸಿದ್ದು ಶಿಸ್ತಿನ ಉಲ್ಲಂಘನೆ. ಚೀಲ ತೆಗೆಸಿದ ದಿನ ಬಿದ್ದವರು ಮೂವರು. ಅವರಲ್ಲಿ ನಾಯಿ ಒಂದು, ಸಹಿದಾರರು ಒಬ್ಬರು, ಮೇಲಧಿಕಾರಿ ಒಬ್ಬರು. ಮೂರನೆಯವರಿಗೆ ಮಾತ್ರ ಅಂದೇ ರಜೆ ಮಂಜೂರಾಯಿತು.

೬. ನಾಯಿಯ ತೂಕ ಹೆಚ್ಚಾದರೆ ಮಂಡಿಗೆ ಹೊರೆ. ಆದ್ದರಿಂದ ಚಹಾ ವೇಳೆಯಲ್ಲಿ ಬಿಸ್ಕತ್ತು ಹಾಕುವುದನ್ನು ನಿಷೇಧಿಸಲಾಗಿದೆ. ಮರಿಗೆ ಹಿಂಗಾಲಿನ ಮೇಲೆ ನಿಂತು ನಮಸ್ಕರಿಸುವುದನ್ನು ಕಲಿಸಿ, ಪ್ರತಿ ನಮಸ್ಕಾರಕ್ಕೆ ಒಂದರಂತೆ ದಿನಕ್ಕೆ ಆರು ಬಿಸ್ಕತ್ತು ಹಾಕುತ್ತಿದ್ದವರು ಯಾರೆಂದು ತನಿಖೆ ನಡೆಸಲು ಸಹಿದಾರರನ್ನೇ ನೇಮಿಸಲಾಗಿತ್ತು. ವರದಿ ಬಂದಿದೆ. ಸಹಿದಾರರೇ.

೭. ಸಹಾಯಕಿಯ ಕೈಗೆ ಚಿಪ್ಪು ಕೊಟ್ಟರು ಎಂದು ಮೊಗಸಾಲೆಯಲ್ಲಿ ಆಡಿಕೊಳ್ಳಲಾಗುತ್ತಿದೆ. ಇದು ವೈದ್ಯಕೀಯವಾಗಿ ತಪ್ಪು. ಚಿಪ್ಪು ನಾಯಿಯ ಕಾಲಿನಲ್ಲೇ ಇದ್ದು, ಸ್ಥಳ ಮಾತ್ರ ಬೇರೆ.

೮. ರಜೆಯನ್ನು ಎಂಬತ್ತಮೂರನೇ ದಿನ ಮಂಜೂರು ಮಾಡಲಾಗಿದೆ. ಆ ವೇಳೆಗೆ ಎರಡನೇ ದರ್ಜೆಯು ಸರದಿ ಮೀರಿ ಬಡ್ತಿ ಪಡೆದು ನಾಲ್ಕನೆಯದಾಗಿತ್ತು. ಶಸ್ತ್ರಚಿಕಿತ್ಸೆಯಾಯಿತು. ತಿರುಚಿದ ಮೂಳೆಯನ್ನು ಎಷ್ಟು ನೆಟ್ಟಗೆ ಮಾಡಬಹುದೋ ಅಷ್ಟು ಮಾಡಿದ್ದೇನೆ ಎಂದು ವೈದ್ಯರು ಬರೆದಿದ್ದಾರೆ. ಕಾಲು ನೆಲಕ್ಕೆ ತಾಗುತ್ತದೆ, ಭಾರ ಹೊರುವುದಿಲ್ಲ. ರಜೆ ಮುಗಿದು ಕಚೇರಿಗೆ ಬಂದಾಗ ಮರಿಯು ಸಹಿದಾರರ ಮುಂದೆಯೂ ಕುಂಟಿತು. ಸಹಿದಾರರು ಕಡತದಲ್ಲಿ ‘ನೋಡಿದೆ’ ಎಂದು ಬರೆದು ಸಹಿ ಮಾಡಿದ್ದಾರೆ.

೯. ಸಹಾಯಕಿಯವರು ವರ್ಗಾವಣೆ ಕೋರಿದ್ದು, ಆ ಅರ್ಜಿಯನ್ನು ಮಾತ್ರ ಒಂದೇ ದಿನದಲ್ಲಿ ವಿಲೇವಾರಿ ಮಾಡಲಾಯಿತು. ಸದ್ಯ ಕಚೇರಿಯಲ್ಲಿ ಯಾವುದೇ ನಾಯಿ ಇರುವುದಿಲ್ಲ. ಆದರೂ ಈ ಸುತ್ತೋಲೆಯ ಎಲ್ಲಾ ಅಂಶಗಳನ್ನು ಇಂದಿನಿಂದಲೇ ಕಟ್ಟುನಿಟ್ಟಾಗಿ ಪಾಲಿಸತಕ್ಕದ್ದು.

ಸಹಿ/-
ಅಧೀಕ್ಷಕರು, ಕಡತ ಶಾಖೆ
(ಕನ್ನಡಕ ಬದಲಿಸಿದ ನಂತರ ಓದಿ ಸಹಿ ಮಾಡಲಾಗಿದೆ)

ಪ್ರತಿಗಳು:
೧. ಎಲ್ಲಾ ಶಾಖೆಗಳಿಗೆ, ಓದದಿದ್ದರೂ ಸಹಿ ಹಾಕಿ ಹಿಂದಿರುಗಿಸಲು.
೨. ಪಶುವೈದ್ಯರಿಗೆ, ಇನ್ನು ಮುಂದೆ ಇಲಾಖೆಗೆ ಅರ್ಥವಾಗುವ ಕನ್ನಡದಲ್ಲಿ ಬರೆಯುವಂತೆ ಕೋರಿ.
೩. ಸಹಾಯಕಿಯವರಿಗೆ, ಅವರ ಈಗಿನ ಕಚೇರಿಯ ಮೂಲಕ. ಉತ್ತರ ನಿರೀಕ್ಷಿಸಿಲ್ಲ.
೪. ದಾಸ್ತಾನು ಶಾಖೆಗೆ, ನಷ್ಟದ ಪಟ್ಟಿಯಲ್ಲಿ ಸೇರಿಸಲು: ದಿನ ಎಂಬತ್ತಮೂರು, ಸಹಾಯಕಿ ಒಬ್ಬರು, ಕಾಲು ಒಂದು.