ಗಾಳಿಯ ಪಾಲು-ಪಾರೀಕತ್ತು

ಬಿಸಿಲಿಗೆ ಎಷ್ಟಾದರೂ ಬೈಯಬಹುದು, ಅದು ಎದುರು ಮಾತಾಡುವುದಿಲ್ಲ. ತಂಪಿಗೆ ಹಾಗಲ್ಲ, ಅದನ್ನು ದುಡ್ಡು ಕೊಟ್ಟು ತಂದವನೇ ಬೈಸಿಕೊಳ್ಳಬೇಕು. ಚಾಮರಾಜನಗರದ ಅರಿಸಿನದ ವ್ಯಾಪಾರಿ ರಂಗಸ್ವಾಮಿಗೆ ಈ ಸತ್ಯ ತಿಳಿಯಲು ಒಂದೇ ಬೇಸಿಗೆ ಸಾಕಾಯಿತು.

ಗುಂಡ್ಲುಪೇಟೆಯಲ್ಲಿ ಕೇರಳದ ರಸ್ತೆಗೆ ಮುಖ ಮಾಡಿದ್ದ ಲಾಡ್ಜೊಂದು ಬಾಗಿಲು ಹಾಕಿದಾಗ, ಅದರ ತಾರಸಿಯ ಮೇಲಿದ್ದ ಯಂತ್ರವನ್ನು ಆತ ಲಾರಿಯಲ್ಲಿ ಹೇರಿಸಿಕೊಂಡು ಬಂದಿದ್ದ. ಬೇಸಿಗೆಯಲ್ಲಿ ತಣ್ಣನೆಯ ಗಾಳಿ, ಚಳಿಗಾಲದಲ್ಲಿ ಬೆಚ್ಚನೆಯ ಗಾಳಿ, ಎರಡನ್ನೂ ಊದುವ ಉಭಯಕುಶಲೋಪರಿ ಯಂತ್ರ. ಸೂರಿನಡಿ ಆನೆಸೊಂಡಿಲಿನಂಥ ತಗಡಿನ ಕೊಳವೆ, ಕೋಣೆಗೊಂದು ಬಾಯಿ, ಬಾಯಿಗೊಂದು ತಿರುಗಿಸುವ ಕದ. ಹಜಾರಕ್ಕೊಂದು, ತಾಯಿ ಯಶೋದಮ್ಮನ ಕೋಣೆಗೊಂದು, ತಮ್ಮ ಶಿವಮೂರ್ತಿಯ ಕೋಣೆಗೊಂದು, ತನ್ನ ಕೋಣೆಗೊಂದು. ಅವನಿಗಿದ್ದದ್ದು ಒಂದೇ ಆಸೆ: ಮಧ್ಯಾಹ್ನ ಮಂಡಿಯಿಂದ ಬಂದು, ಉಂಡು, ತಂಪಿನಲ್ಲಿ ಕಾಲು ಚಾಚಿ ಒಂದು ನಿದ್ದೆ.

ಅಡುಗೆಮನೆಗೆ ಬಾಯಿಯಿಲ್ಲ. ಹೆಂಡತಿ ಸುಧಾಮಣಿ ಕೇಳಿದ್ದಕ್ಕೆ, "ಒಲೆ ಉರಿಯೋ ಕಡೆ ತಂಪು ಬುಡೋದು ಅಂದ್ರೆ ತೂತು ಗಡಿಗೆಗೆ ನೀರು ಉಯ್ದಂಗೆ ಕಣಮ್ಮಿ" ಎಂದಿದ್ದ. (ಬೆವರುವವರಿಗೆ ಗಾಳಿ ದಂಡ ಎಂಬುದು ನಮ್ಮ ನಾಡಿನ ಬಹಳ ಹಳೆಯ ಅರ್ಥಶಾಸ್ತ್ರ. ಕೊಡೆ ಹಿಡಿಯುವುದೆಲ್ಲ ನೆರಳಿನಲ್ಲಿ ಕೂತವರಿಗೆ.)

ಯಂತ್ರ ಊದತೊಡಗಿದ ದಿನದಿಂದ ನಿದ್ದೆ ಹಾರಿಹೋಯಿತು.

"ಲೋ ರಂಗ, ಮಂಡಿ ಹಿಡ್ಕಂಡದೆ ಕಣ್ಲಾ. ಸತ್ ಮೇಲೆ ತಾನೇ ತಣ್ಣಗಾಯ್ತಿನಿ, ನಿಂಗೇನು ಅರ್ಜೆಂಟು?" ಎಂದಳು ತಾಯಿ.

"ನನ್ ರೂಮಿಗೆ ಬರೋದು ಗಾಳಿಯಲ್ಲ ಕಣಣ್ಣ, ನಿಟ್ಟುಸಿರು" ಎಂದ ತಮ್ಮ.

ರಂಗಸ್ವಾಮಿ ಏಣಿ ಹತ್ತಿ ತಾಯಿಯ ಕೋಣೆಯ ಕದ ಅರ್ಧ ತಿರುಗಿಸಿದ. ಆ ಗಾಳಿ ತಮ್ಮನ ಕೋಣೆಗೆ ನುಗ್ಗಿ ಕ್ಯಾಲೆಂಡರನ್ನು ಮೊಳೆಸಮೇತ ಕಿತ್ತಿತು. ತಮ್ಮನದನ್ನು ತಿರುಗಿಸಿದರೆ ಹಜಾರದಲ್ಲಿ ಚಂಡಮಾರುತ. ಒಂದು ಬಾಯಿ ಮುಚ್ಚಿಸಿದರೆ ಇನ್ನೊಂದು ಬಾಯಿ ಜೋರಾಗುವುದು ಯಂತ್ರಕ್ಕೂ ಒಟ್ಟು ಕುಟುಂಬಕ್ಕೂ ಒಂದೇ ನಿಯಮ. ಏಣಿ ಹತ್ತಿ ಇಳಿದು ಅವನ ಮಂಡಿಯೂ ತಾಯಿಯ ಮಂಡಿಯ ಪಕ್ಷ ಸೇರಿತು. ಮನೆಯಲ್ಲಿ ಎಲ್ಲರಿಗೂ ಸಮ ಸಿಗುತ್ತಿದ್ದದ್ದು ಕರೆಂಟು ಹೋದಾಗ ಮಾತ್ರ.

ಯಂತ್ರ ಕೂರಿಸಲು ಬಂದಿದ್ದ ಗುಂಡ್ಲುಪೇಟೆಯ ಫಿಟ್ಟರು ಗಿರಗಿಟ್ಲೆಯಂಥ ಮೀಟರೊಂದನ್ನು ಕೊಳವೆಯ ಬಾಯಿಗೆ ಹಿಡಿದು ಗಾಳಿ ಅಳೆದಿದ್ದ. ಹೋಗುವಾಗ ಮೀಟರನ್ನೂ ಒಯ್ದಿದ್ದ. "ಅಳೆಯೋದ ನಮ್ಗೇ ಹೇಳ್ಕೊಡ್ಬೇಕಾ?" ಎಂದ ರಂಗಸ್ವಾಮಿ, ಅರಿಸಿನದ ಮೂಟೆಯೊಳಗಿನ ದೊಡ್ಡ ಪ್ಲಾಸ್ಟಿಕ್ ಚೀಲದ ಬಾಯಿಗೆ ಬಿದಿರಿನ ಬಳೆ ಕಟ್ಟಿದ. ಚಪ್ಪಟೆ ಮಾಡಿ ಗಾಳಿಬಾಯಿಗೆ ಒತ್ತಿ ಹಿಡಿಯುವುದು, ಅದು ಊದಿಕೊಳ್ಳುವ ತನಕ ಎಣಿಸುವುದು. ಬೇಗ ತುಂಬಿದರೆ ಗಾಳಿ ಹೆಚ್ಚು, ತಡವಾದರೆ ಕಡಿಮೆ. ಅಳತೆ ಅಂದಮೇಲೆ ವ್ಯಾಪಾರಿಯ ಬಾಯಲ್ಲಿ 'ಒಂದು' ಬರುತ್ತದೆಯೇ? ಮೊದಲ ಕೊಳಗಕ್ಕೆ ಹೇಳುವಂತೆ, "ಲಾಭ... ಎರಡು... ಮೂರು..." ಎಂದು ಶುರುಮಾಡಿದ.

"ಅಣ್ಣ, ನನ್ ರೂಮಲ್ಲಿ ಲಾಭ ಅನ್ನದ ಎಳೀತಿದ್ದೀಯ!" ಎಂದು ಶಿವಮೂರ್ತಿ ಏಣಿ ಅಲ್ಲಾಡಿಸಿದ. ಚೀಲ ಜಾರಿತು. ಒಳಗೆ ಅಂಟಿದ್ದ ಅರಿಸಿನದ ಪುಡಿ ತಮ್ಮನ ನೆತ್ತಿಯಿಂದ ಮೀಸೆಯವರೆಗೂ ಸುರಿಯಿತು.

"ನಂಗೆ ಮದ್ವೆ ಮಾಡ್ತಿದ್ದೀಯಾಣ್ಣ?"

"ನಿನ್ನೊಬ್ಬಂಗೇ ಗಾಳಿ ಸಾಲ್ತಿಲ್ಲ, ಸುಮ್ಕಿರ್ಲಾ!"

ಅಂತೂ ಇಳಿಹೊತ್ತಿಗೆ ಚೀಲ ಎಲ್ಲ ಕೋಣೆಗಳಲ್ಲೂ ಒಂದೇ ಎಣಿಕೆಗೆ ತುಂಬತೊಡಗಿತು. ಶಿವಮೂರ್ತಿ ಮಾತ್ರ ಒಪ್ಪಲಿಲ್ಲ. ಕಡೆಗೆ ಯಶೋದಮ್ಮ ಹಜಾರದಲ್ಲಿ ಕೂತು ತೀರ್ಪು ಕೊಟ್ಟಳು.

"ನಿಮ್ಮಪ್ಪ ಹೊಲ ಭಾಗ ಆದಾಗ ಏನ್ ಮಾಡ್ದ? ಪಾಲು ಹಾಕ್ದವನು ಕಡೇಲಿ ಎತ್ಕಬೇಕು. ಮೊದ್ಲು ಉಳಿದೋರು ಎತ್ಕಳ್ಳಿ. ಒಪ್ಪಿಗೇನಾ?"

ರಂಗಸ್ವಾಮಿಗೆ ಒಳಗೇ ನಗು. ಹಜಾರ ಎಲ್ಲರದು, ಅಲ್ಲಿ ಓಡಾಟದಲ್ಲಿ ನಿದ್ದೆ ಹತ್ತದು. ಉಳಿದ ಮೂರು ಕೋಣೆಗೂ ಗಾಳಿ ಸಮ. ಯಾವುದು ಉಳಿದರೂ ನಿದ್ದೆ ಗ್ಯಾರಂಟಿ. "ಒಪ್ಪಿಗೆ! ಮಾತು ಅಂದ್ರೆ ಮಾತು" ಎಂದು ಎದೆ ತಟ್ಟಿಕೊಂಡ.

ತಾಯಿ ತನ್ನ ಕೋಣೆಯನ್ನೇ ಎತ್ತಿಕೊಂಡಳು. ತಮ್ಮನೂ ಗೊಣಗಿ ತನ್ನದನ್ನೇ ಎತ್ತಿಕೊಂಡ. ರಂಗಸ್ವಾಮಿ ದಿಂಬು ಹುಡುಕಲು ಎದ್ದಾಗ ಸುಧಾಮಣಿ ಸೆರಗಿನಿಂದ ಕತ್ತು ಒರೆಸಿಕೊಳ್ಳುತ್ತ ಬಂದು ಬಾಗಿಲಿಗೆ ಅಡ್ಡ ನಿಂತಳು.

"ನಾನಿನ್ನೂ ಎತ್ಕಂಡಿಲ್ಲ."

"ನೀನೂ ನಾನೂ ಒಂದೇ ಅಲ್ವೇನಮ್ಮಿ?"

"ಉಣ್ಣೋವಾಗ ಒಂದೇ. ಬೇಯೋವಾಗ ನಾನೊಬ್ಳೇ."

ಯಶೋದಮ್ಮ ಸೊಸೆಯ ಬೆವರು ಇಳಿಯುವ ಮುಖವನ್ನು ನೋಡಿದಳು. ಅವಳೂ ಒಂದು ಕಾಲದಲ್ಲಿ ಅದೇ ಒಲೆಯ ಮುಂದೆ ನಿಂತವಳು.

"ಎತ್ಕಳಮ್ಮಿ. ಯಾವ್ದು ಬೇಕು?"

"ನಮ್ ರೂಮು."

ರಂಗಸ್ವಾಮಿ ಬದುಕಿದೆ ಎಂದುಕೊಂಡ. ತನ್ನ ಕೋಣೆ ತನ್ನ ಹೆಂಡತಿಗೇ ಬಂತಲ್ಲ. ಗಂಡನನ್ನು ಆಚೆ ಹಾಕುತ್ತಾಳೆಯೇ? ಹಾಕಲಿಲ್ಲ. ಮಂಚವನ್ನು ಹಾಕಿದಳು. ಅದು ಇದ್ದ ಜಾಗಕ್ಕೆ ಗ್ಯಾಸ್ ಒಲೆಯ ಮೇಜು ಬಂತು, ಸಿಲಿಂಡರ್ ಬಂತು (ಅರಿಸಿನದ ಮೀಸೆಯ ಮೈದುನನೇ ಉರುಳಿಸಿಕೊಂಡು ಬಂದ), ಸಾಸಿವೆ ಡಬ್ಬಿ, ಒರಳು, ಕುಕ್ಕರು ಎಲ್ಲ ಬಂದವು.

"ಗಾಳಿಗೆ ಒಲೆ ಆರಿಹೋಯ್ತದೆ ಕಣೇ!"

"ಒಲೆ ಮೂಲೇಲದೆ, ಗಾಳಿ ನನ್ ಬೆನ್ನಿಗೆ ಬೀಳ್ತದೆ. ಹಂಗೇ ತಿರುಗಿಸಿವ್ನಿ."

ಪಾಲು ಹಾಕಿದವನಿಗೆ ಕಡೆಯಲ್ಲಿ ಉಳಿದದ್ದು ಒಂದೇ ಕೋಣೆ. ಮಾರನೆಯ ಮಧ್ಯಾಹ್ನ ಅದರ ಮಸಿಗೋಡೆಗೆ ಒರಗಿ ಕೂತ ರಂಗಸ್ವಾಮಿ, ಅಂಗಿ ಬಿಚ್ಚಿ ಬೀಸಿಕೊಳ್ಳುತ್ತ ಗುಂಡ್ಲುಪೇಟೆಗೆ ಫೋನು ಮಾಡಿದ.

"ಅಡುಗೆಮನೆಗೆ ಒಂದು ಗಾಳಿಬಾಯಿ ಕೊರೀಬೇಕಲ್ಲಪ್ಪ. ತುಂಬಾ ಅರ್ಜೆಂಟು."

"ಒಂದು ಮಳೆ ಬೀಳ್ಲಿ ಸಾರ್, ಬತ್ತೀನಿ" ಎಂದು ಫಿಟ್ಟರು ಫೋನಿಟ್ಟ.

(ಇಡೀ ಬೇಸಿಗೆ ಒಬ್ಬಳು ಅಲ್ಲಿ ಬೆಂದಾಗ ಇಲ್ಲದ ಅರ್ಜೆಂಟು, ಗಂಡಸಿನ ಬೆನ್ನು ಒಂದು ಗಳಿಗೆ ಗೋಡೆಗೆ ತಗುಲಿದ ಕೂಡಲೇ ಹೇಗೆ ಹುಟ್ಟಿತು ಎಂದು ನನ್ನನ್ನು ಕೇಳಬೇಡಿ. ನಿಮ್ಮ ನಿಮ್ಮ ಮನೆಯಲ್ಲೇ ಕೇಳಿ.)

ಮುದ್ದೆ ಸಾರಿನ ಘಮ ಬಂತು. ಅವನು ಎದ್ದು ತನ್ನ ಹಳೆಯ ಕೋಣೆಗೆ ಹೋಗಿ ತಟ್ಟೆ ಹಿಡಿದು ಆ ತಂಪಿನಲ್ಲಿ ಉಂಡ. ಬೇಕೆಂದೇ ಮೆಲ್ಲಗೆ ಉಂಡ. ಎರಡನೇ ಸಲ ಮಜ್ಜಿಗೆ ಕೇಳಿದ. ಕಣ್ಣು ತೂಗತೊಡಗಿತು.

"ಆಯ್ತಾ?" ಸುಧಾಮಣಿ ತಟ್ಟೆ ಎತ್ತಿಕೊಂಡಳು. "ಎದ್ದು ಓಗೋವಾಗ ಆ ಬಾಗ್ಲು ಹಾಕ್ಕಂಡು ಓಗಿ. ತಂಪೆಲ್ಲ ಆಚೆ ಓಯ್ತದೆ."